ಹಳೇ ಯಾರಿಸ್‌ನಲ್ಲೇ ಅಲ್‌ಉಲಾ, ಮೂರನೇ ಸಲಕ್ಕೆ ಕೈಗೂಡ್ತು

"ಯಾರಿಸ್‌ನಾಗ ಅಲ್‌ಉಲಾಕ್ಕ? ಗುಜರಿಗೆ ಹಾಕಾಕ ಅಷ್ಟು ದೂರ ಯಾಕ ಹೋಗ್ತಿ, ಇಲ್ಲೇ ಜೆಡ್ಡಾದಾಗ ಹಾಕು" ಅಂದಿದ್ದ ನಮ್ಮ ರೂಮಿನ ಹಳೇ ಗೆಳೆಯ. ಯಾರಿಸ್ ಅಂದ್ರೆ ನನ್ನ ಸಣ್ಣ ಟೊಯೋಟಾ ಕಾರು, ಅಲ್‌ಉಲಾ ಅಂದ್ರೆ ಜೆಡ್ಡಾದಿಂದ ಉತ್ತರಕ್ಕೆ ಸೌದಿ ಮರುಭೂಮಿಯಲ್ಲಿರೋ ಹಳೇ ಊರು. ಈ ಜನವರಿ ಕೊನೆಗೆ ನಾವು ಎರಡು ಜೋಡಿ ಹೋಗಿ ಬಂದ್ಮೇಲೆ ಅವನೇ ಫೋನ್ ಮಾಡಿ ರೂಟ್ ಕೇಳ್ದ. ಅದಕ್ಕೇ ಬರೀತಿದ್ದೀನಿ.

ಮೊದ್ಲು ಸೋತಿದ್ದು ಹೇಳಿಬಿಡ್ತೀನಿ. ಒಂದನೇ ಸಲ ಡಿಸೆಂಬರ್ ಶುಕ್ರವಾರ, ಏಳ್ನೂರು ಕಿಲೋಮೀಟರ್ ಓಡಿಸಿಕೊಂಡು ಹೋಗಿ ನೋಡಿದ್ರೆ ಅಲ್ಲಿನ ಮುಖ್ಯ ಜಾಗ, ಬಂಡೆಗೋರಿಗಳ ಹೆಗ್ರಾದ ಟೂರ್ ಸ್ಲಾಟ್ ಎಲ್ಲಾ ಫುಲ್. ಟಿಕೆಟ್ ಅಲ್ಲೇ ಸಿಗುತ್ತೆ ಅಂತ ಯಾರೋ ಹೇಳಿದ್ದನ್ನ ನಂಬಿದ್ದೆ. ಸೀಸನ್ ಬೇರೆ, ಒಂದೇ ರಾತ್ರಿ ರೂಮಿಗೆ ಒಂಬೈನೂರು ರಿಯಾಲ್ ಹತ್ರ ಹೋಯ್ತು, ಆನೆ ಬಂಡೆ ಒಂದು ನೋಡಿ ವಾಪಸ್. ನಮ್ಮನೆಯವ್ಳು ವಾಪಸ್ ದಾರಿಯ ಬದ್ರ್ ಊರು ದಾಟೋ ತನಕ ಮಾತಾಡ್ಲಿಲ್ಲ.

ಎರಡನೇ ಸಲ ಏಪ್ರಿಲ್. ಬುಕಿಂಗ್ ಎಲ್ಲಾ ಸರಿಯಾಗಿತ್ತು, ಆದ್ರೆ ಡಾಂಬರು ಬಿಟ್ಟು ಒಂದು ಒಳ್ಳೇ ಬಂಡೆ ಕಾಣ್ತು ಅಂತ ಮರಳಿಗೆ ಇಳಿಸಿದೆ, ಬರೀ ನಲವತ್ತು ಮೀಟರ್. ಮುಂದಿನ ಚಕ್ರ ಎರಡೂ ಹೂತು ಕೂತ್ವು, ನಾನು ಗಾಬರಿಯಲ್ಲಿ ಆಕ್ಸಿಲರೇಟರ್ ಒತ್ತಿ ಒತ್ತಿ ಬಂಪರ್ ತನಕ ಇಳಿಸಿದೆ. ಪಿಕಪ್‌ನಲ್ಲಿ ಬಂದ ಒಬ್ಬ ಬದು (ಮರುಭೂಮಿಯ ಅರಬ್ ಬುಡಕಟ್ಟಿನ) ಅಜ್ಜ ಮೊದ್ಲು ಮಾಡಿದ್ದು ಟೈರಿನ ಗಾಳಿ ಬಿಡೋದು, ಹದಿನೆಂಟೋ ಇಪ್ಪತ್ತೋ ಪಿಎಸ್‌ಐಗೆ ಇಳಿಸಿದ, ಆಮೇಲೆ ಹಗ್ಗ ಕಟ್ಟಿ ಎಳೆದ. ದುಡ್ಡು ಕೊಟ್ರೆ ಕೈ ಎದೆ ಮೇಲೆ ಇಟ್ಕೊಂಡು ಬೇಡ ಅಂದ, ಬದಲಿಗೆ ನಮಗೇ ಗಹ್ವಾ ಅನ್ನೋ ಅರಬ್ ಕಾಫಿ, ಖರ್ಜೂರ ಕೊಟ್ಟು ಕಳಿಸ್ದ. ಕಮ್ಮಿ ಗಾಳಿಯಲ್ಲೇ ಕಲ್ಲಿನ ಮೇಲೆ ಓಡಿಸಿ ಒಂದು ಟೈರಿನ ಸೈಡ್ ಹರ್ಕೊಂಡೆ, ಅದು ನನ್ನದೇ ದಡ್ಡತನ, 250 ರಿಯಾಲ್ ದಂಡ. ಸ್ಲಾಟೂ ತಪ್ಪೋಯ್ತು, ಆ ದುಡ್ಡೂ ಹೋಯ್ತು. ಈಗ ಡಿಕ್ಕಿಯಲ್ಲಿ 120 ರಿಯಾಲಿನ ಕಂಪ್ರೆಸರ್ ಯಾವಾಗ್ಲೂ ಇರುತ್ತೆ.

ಮೂರನೇ ಸಲ ನಾನು ಬದಲಾಯಿಸಿದ್ದು ಒಂದೇ, ಪ್ಲ್ಯಾನ್ ಪೂರ್ತಿ ಬಿಸಿಲಿನ ಲೆಕ್ಕದಲ್ಲಿ ಹಾಕ್ದೆ. ಬೆಳಗಿನ ಜಾವ ನಾಲ್ಕಕ್ಕೆ ಜೆಡ್ಡಾ ಬಿಟ್ಟು ಮಧ್ಯಾಹ್ನ ರೂಮು, ಒಂದು ನಿದ್ದೆ, ಸಂಜೆಗೆ ಆನೆ ಬಂಡೆ. ಮರುದಿನ ಬೆಳಿಗ್ಗೆ ಹಳೇ ರಾಜಧಾನಿ ದದಾನ್ ಮತ್ತು ಶಾಸನಗಳ ಬೆಟ್ಟ ಜಬಲ್ ಇಕ್ಮಾ, ನಡುಮಧ್ಯಾಹ್ನ ಮತ್ತೆ ನಿದ್ದೆ, ಹೆಗ್ರಾಕ್ಕೆ ದಿನದ ಕೊನೇ ಸ್ಲಾಟ್. ಸಂಜೆ ಕತ್ತಲಾದ್ಮೇಲೆ ದೂರದ ಡ್ರೈವಿಂಗ್ ಇಲ್ಲವೇ ಇಲ್ಲ, ಒಂಟೆ ಅಡ್ಡ ಬಂದ್ರೆ ಯಾರಿಸ್ ಉಳಿಯಲ್ಲ, ನಾವೂ ಉಳಿಯಲ್ಲ.

ಹೆಗ್ರಾ ಒಳಗೆ ನಿಮ್ಮ ಕಾರು ಹೆಂಗೂ ಬಿಡಲ್ಲ, ಅವರ ಬಸ್ಸೋ ಜೀಪೋ ಹತ್ತೇ ಹೋಗ್ಬೇಕು, ಹಂಗಾಗಿ ಲ್ಯಾಂಡ್‌ಕ್ರೂಸರ್ ಬೇಕೇ ಬೇಕು ಅನ್ನೋರ ವಾದ ಅಲ್ಲೇ ಮುಗೀತು. 2008ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಸೌದಿಯ ಮೊದಲ ಜಾಗ ಇದು, ನೂರಕ್ಕಿಂತ ಹೆಚ್ಚು ಗೋರಿ ಬಂಡೆಯಲ್ಲೇ ಕೊರೆದಿದ್ದಾರೆ, ಜೋರ್ಡಾನಿನ ಪೆಟ್ರಾ ಕಟ್ಟಿದ ಹಳೇ ಅರಬ್ ಜನ ನಬಾತಿಯರದ್ದೇ ಕೆಲಸ. ಮಧ್ಯಾಹ್ನದ ಬಿಸಿಲಲ್ಲಿ ನೋಡಿದೋರ ಫೋಟೋದಲ್ಲಿ ಎಲ್ಲಾ ಚಪ್ಪಟೆ ಗೋಡೆ ಥರ ಇರುತ್ತೆ. ಬಿಸಿಲು ಓರೆಯಾದಾಗ ಒಂಟಿ ಬಂಡೆಯಲ್ಲಿ ಕೊರೆದ ಗೋರಿ ಖಸ್ರ್ ಅಲ್‌ಫರೀದ್ ಮುಂದೆ ನಿಂತು ನೋಡಿ. ಮೇಲೆಲ್ಲಾ ನಯ, ಮೆಟ್ಟಿಲಾಕಾರದ ಕಿರೀಟ, ಕಂಬ, ಎಲ್ಲಾ ಫಿನಿಶಿಂಗ್ ಆಗಿದೆ. ಕಣ್ಣು ಕೆಳಗಿಳಿದಂಗೆ ಕಲ್ಲು ಒರಟಾಗ್ತಾ ಬಂದು, ಬುಡದಲ್ಲಿ ಉಳಿ ಏಟು ಓರೆ ಓರೆ ಗೀರಾಗಿ ಹಂಗೇ ನಿಂತಿದೆ, ಒಂದೊಂದು ಗೀರಿಗೂ ಬೇರೆ ಬೇರೆ ನೆರಳು. ಮೇಲಿಂದ ಕೆಳಕ್ಕೆ ಕೊರೀತಾ ಬಂದು ಅರ್ಧಕ್ಕೆ ಬಿಟ್ಟಿದ್ದಾರೆ. ನಾನು ಬಾದಾಮಿ ಕಡೆಯೋನು, ಅದೇ ಥರ ಮರಳುಗಲ್ಲು ನೋಡ್ಕೊಂಡೇ ಬೆಳೆದೋನು, ಆದ್ರೂ ಅಲ್ಲಿ ಹತ್ತು ನಿಮಿಷ ಬಾಯಿ ಬಿಡ್ಲಿಲ್ಲ. ಗೈಡ್ ಹುಡುಗಿ ಬಂದು ಬಸ್ಸಿಗೆ ಕರೀಬೇಕಾಯ್ತು.

ಇನ್ನೊಂದು ಮಜಾ. ಕೆಲವು ಗೋರಿಗಳ ಬಾಗಿಲ ಮೇಲೆ ಬರಹ ಇದೆ, ಇಂಥೋರ ಮನೆತನದ್ದು, ಮಾರಬಾರ್ದು, ಅಡ ಇಡಬಾರ್ದು, ಬಾಡಿಗೆಗೆ ಕೊಡಬಾರ್ದು, ಕೊಟ್ರೆ ದುಶರಾ ದೇವರ ಶಾಪ, ಮೇಲೆ ದಂಡ. ನಮ್ಮೂರ ಶಾಸನದ ಕೊನೆಯಲ್ಲಿ ಇದನ್ನ ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ ಅಂತ ಇರುತ್ತಲ್ಲ, ಅದೇ ಧಾಟಿ! ಗೈಡ್‌ಗೆ ಹೇಳ್ದೆ, ಅವಳು ಬರ್ಕೊಂಡ್ಳು.

ಆನೆ ಬಂಡೆ 52 ಮೀಟರ್ ಎತ್ತರ, ಗಾಳಿ ನೀರು ತಿಂದು ಸೊಂಡಿಲು ಆಗಿರೋದು, ಪಾರ್ಕಿಂಗ್ ತನಕ ಒಳ್ಳೇ ರಸ್ತೆ ಇದೆ. ಎಲ್ಲರೂ ಸೊಂಡಿಲ ಎದುರಿನ ಗುಂಡಿ ಸೀಟಲ್ಲೇ ಕೂರ್ತಾರೆ. ನಾನು ಬೇರೆ ಒಂದು ಕಡೆ ನಿಲ್ತೀನಿ, ಅಲ್ಲಿಂದ ಒಬ್ರೂ ಫ್ರೇಮಿಗೆ ಬರಲ್ಲ. ಎಲ್ಲಿ ಅಂತ ಹೇಳಲ್ಲ, ಸುತ್ತು ಹಾಕಿ ಹುಡ್ಕಿ.

ನೀರಿನ ಪ್ರಯೋಗ ಒಂದು ಮಾಡಿದ್ದೆ. ಹಳೇ ಕಾಟನ್ ಸಾಕ್ಸ್ ಒದ್ದೆ ಮಾಡಿ ಬಾಟಲಿಗೆ ತೊಡಿಸಿ ಗಾಳಿಗೆ ತೂಗುಹಾಕೋದು. ಜೆಡ್ಡಾ ಬಾಲ್ಕನಿಯಲ್ಲಿ ಏನೂ ಆಗ್ಲಿಲ್ಲ, ಸಮುದ್ರದ ತೇವದಲ್ಲಿ ಸಾಕ್ಸ್ ಒಣಗೋದೇ ಇಲ್ಲ. ಏಪ್ರಿಲ್‌ನಲ್ಲಿ ಅಲ್‌ಉಲಾದ ಒಣ ಗಾಳಿಯಲ್ಲಿ ಅರ್ಧ ಗಂಟೆಗೆ ಮಡಕೆ ನೀರಿನ ಹಾಗೆ ತಣ್ಣಗಾಯ್ತು. ವಾಸನೆ ಬಗ್ಗೆ ನಮ್ಮನೆಯವ್ಳ ಹತ್ರ ಕೇಳಬೇಡಿ.

ಖರ್ಚು ನೆನಪಿದ್ದಂಗೆ ಹೇಳ್ತೀನಿ, ನಾಲ್ಕು ಜನಕ್ಕೆ. ಪೆಟ್ರೋಲ್ 280 ಆಸುಪಾಸು, ಹೆಗ್ರಾ ತಲೆಗೆ 95ರಂತೆ 380, ದದಾನ್ ಕಡೆದು ಇನ್ನೂರು ಚಿಲ್ಲರೆ, ಎರಡು ರೂಮಿನ ಫರ್ನಿಶ್ಡ್ ಮನೆ ಎರಡು ರಾತ್ರಿಗೆ 320. ಆ ಮನೆ ಇರೋದು ಅಲ್‌ಉಲಾದಲ್ಲಲ್ಲ, ಆಚೆ ಒಂದು ಸಣ್ಣ ಊರಲ್ಲಿ, ಹೆಸ್ರು ಬರೆದ್ರೆ ಮುಂದಿನ ಸೀಸನ್‌ಗೆ ಅಲ್ಲೂ ರೇಟ್ ಏರುತ್ತೆ, ಕ್ಷಮಿಸಿ. ಊಟಕ್ಕೆ ನೂರು ದಾಟಿಲ್ಲ, ಯಾಕಂದ್ರೆ ಊರಿಂದ ಬಂದಿದ್ದ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಬಕಾಲಾದ (ಕಿರಾಣಿ ಅಂಗಡಿಯ) ಮೊಸರು. ಒಟ್ಟು ತಲೆಗೆ 325 ಬಿತ್ತು. ಪ್ಯಾಕೇಜಿನೋರು ತಲೆಗೆ ಸಾವಿರದ ಮೇಲೆ ಕೇಳಿದ್ರು, ಅದರಲ್ಲೂ ಊಟ ಬೇರೆ.

ಸ್ವೆಟರ್ ಮರೀಬೇಡಿ, ಜನವರಿ ರಾತ್ರಿ ಹಲ್ಲು ಕಟಕಟ ಅನ್ನುತ್ತೆ. ಹರ್ರತ್ ಅನ್ನೋ ಲಾವಾ ಬೆಟ್ಟದ ಮೇಲಿನ ವ್ಯೂಪಾಯಿಂಟ್‌ಗೆ ಯಾರಿಸ್ ಸೆಕೆಂಡ್ ಗೇರಲ್ಲಿ ಅಳ್ತಾ ಅಳ್ತಾ ಹತ್ತಿತು, ಎಸಿ ಆಫ್ ಮಾಡಿ ಹತ್ತಿಸಿ. ಉಳಿದಿರೋದು ಘರಾಮೀಲ್‌ನ ಕಲ್ಲು ಕಂಬಗಳು, ಅಲ್ಲಿ ಮಾತ್ರ ನಿಜವಾದ ಮರಳು, ನನ್ನ ಗಾಡಿ ಆಗಲ್ಲ ಅಂತ ಒಪ್ಕೋತೀನಿ. ಆ ಗುಜರಿ ಗೆಳೆಯನ ಹತ್ರ ಫೋರ್ ಬೈ ಫೋರ್ ಇದೆ, ಎರಡು ದಿನಕ್ಕೆ ಕೇಳಿದ್ದೀನಿ. ಇನ್ನೂ ಹೂಂ ಅಂದಿಲ್ಲ.