ಕ್ಯಾನ್ಸರ್ ಚಿಕಿತ್ಸೆ ಮುಗಿಸಿದವರಿಗೆ ಊರಿನಲ್ಲೇ ವ್ಯಾಯಾಮ ಕೂಟ: ರೂಪಿಸುವ ಬಗೆ

ಸಮುದಾಯ ಭವನದಲ್ಲೋ ಉದ್ಯಾನದಲ್ಲೋ ಇಂಥ ಕೂಟ ಆರಂಭಿಸುವವರು ಸೇರಲು ಬಂದವರಿಂದ ಮೊದಲು ಡಿಸ್‌ಚಾರ್ಜ್ ಸಮ್ಮರಿಯ ಪ್ರತಿಯನ್ನೂ ವೈದ್ಯರ ಒಪ್ಪಿಗೆಯನ್ನೂ ಪಡೆಯಬೇಕು. ಏಕೆಂದರೆ ಡಾಕ್ಸೊರುಬಿಸಿನ್ ಎಂಬ ಕೀಮೋಥೆರಪಿ ಔಷಧ ಪಡೆದವರ ಹೃದಯ ದುರ್ಬಲಗೊಂಡಿರಬಹುದು. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಕೀಮೋಥೆರಪಿ ಔಷಧ ಪಡೆದವರಲ್ಲಿ ಕೆಲವರಿಗೆ ಅಂಗಾಲು ಜೋಮು ಹಿಡಿದು ನೆಲದ ಏರುತಗ್ಗು ತಿಳಿಯುವುದಿಲ್ಲವಾದ್ದರಿಂದ ಅವರಿಗೆ ಬರಿಗಾಲಿನ ನಡಿಗೆ ಬೇಡ. ಮೂಳೆಗೆ ರೋಗ ಹರಡಿದ್ದರೆ ಫಿಸಿಯೋಥೆರಪಿಸ್ಟರ ಪ್ರತ್ಯೇಕ ಉಸ್ತುವಾರಿಯಿಲ್ಲದೆ ಸೇರಿಸಿಕೊಳ್ಳಬಾರದು.

ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಎಂಬ ತಜ್ಞರ ಸಂಘ 2019ರಲ್ಲಿ ಪ್ರಕಟಿಸಿದ ಸಲಹೆಯ ಪ್ರಕಾರ ವಾರಕ್ಕೆ 3 ದಿನ 30 ನಿಮಿಷ ಮಧ್ಯಮ ಶ್ರಮದ ನಡಿಗೆ, 2 ದಿನ ಸ್ನಾಯುಬಲದ ವ್ಯಾಯಾಮ, ಹೀಗೆ 8ರಿಂದ 12 ವಾರ ನಡೆಸಿದರೆ ಆಯಾಸವೂ ಆತಂಕವೂ ತಗ್ಗುತ್ತವೆ. ಇದು ತಲುಪಬೇಕಾದ ಗುರಿಯಾದ್ದರಿಂದ ಮೊದಲ ವಾರ 10 ನಿಮಿಷದ ನಡಿಗೆಯೇ ಸಾಕು. ನಡೆಯುತ್ತ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಶ್ರಮ ಅಷ್ಟಿದ್ದರೆ ಸರಿ. ಆದರೆ ತಂಬಾಕು, ಗುಟ್ಕಾಗಳಿಂದಾಗಿ ಬಾಯಿ ಕ್ಯಾನ್ಸರ್ ಹೆಚ್ಚಿರುವ ನಮ್ಮ ಕಡೆ ನಾಲಿಗೆಯ ಶಸ್ತ್ರಚಿಕಿತ್ಸೆಯಾದವರೂ ಬರುತ್ತಾರೆ, ಅವರಿಗೆ ಮಾತಿನ ಪರೀಕ್ಷೆ ಹೇಗೆ ಒಪ್ಪೀತು? ಹತ್ತರಲ್ಲಿ ಎಷ್ಟು ಶ್ರಮವೆಂದು ಬೆರಳಲ್ಲಿ ತೋರಿಸಲಿ. ಐದಾರು ಬೆರಳು ಸಾಕು. ಕುತ್ತಿಗೆಯ ಗಂಟುಗಳನ್ನು (ದುಗ್ಧಗ್ರಂಥಿಗಳನ್ನು) ತೆಗೆಸಿಕೊಂಡವರ ಭುಜ ಜೋತುಬಿದ್ದಿದ್ದರೆ, ಭಾರ ಎತ್ತಿಸುವ ಮುನ್ನ ಹೆಗಲಿನ ಮೂಳೆಗಳನ್ನು ಹಿಂದಕ್ಕೆ ಸೆಳೆಯುವ ಅಭ್ಯಾಸ ಮಾಡಿಸಬೇಕು. ವಿಕಿರಣದಿಂದ ಬಾಯಿ ಒಣಗುವವರ ಕೈಗೆಟಕುವಂತೆ ನೀರಿರಲಿ.

ಸ್ತನದ ಶಸ್ತ್ರಚಿಕಿತ್ಸೆಯಾದ ಹೆಂಗಸರಿಗೆ, ಆ ಬದಿಯ ಕೈ ಬಾತೀತೆಂಬ ಭಯದಿಂದ, ‘ಆ ಕೈಯಲ್ಲಿ ತುಂಬಿದ ಕೊಡ ಎತ್ತಬೇಡ’ ಎಂಬ ಮಾತು ಮನೆಯಲ್ಲಿ ಇಂದಿಗೂ ಕೇಳಿಬರುತ್ತದೆ. ಉಸ್ತುವಾರಿಯಲ್ಲಿ, ನಿಧಾನವಾಗಿ ಭಾರ ಹೆಚ್ಚಿಸಿದರೆ ಕೈಯ ಬಾವು ಹೆಚ್ಚುವುದಿಲ್ಲವೆಂದು 2009ರಲ್ಲಿ ಪ್ರಕಟವಾದ ಅಧ್ಯಯನವೇ ತೋರಿಸಿದೆ. ಅರ್ಧ ಲೀಟರಿನ ನೀರಿನ ಬಾಟಲಿಯಿಂದ ಆರಂಭಿಸಬಹುದು. ತಿಂಗಳಿಗೊಮ್ಮೆ ಮೊಣಕೈಗಿಂತ 10 ಸೆಂಟಿಮೀಟರ್ ಮೇಲೆ ಎರಡೂ ತೋಳುಗಳ ಸುತ್ತಳತೆಯನ್ನು ದರ್ಜಿಯ ಟೇಪಿನಿಂದ ಅಳೆದು ಬರೆದಿಡಬೇಕು. ವ್ಯತ್ಯಾಸ 2 ಸೆಂಟಿಮೀಟರಿಗೆ ಮುಟ್ಟಿದರೆ, ಅಥವಾ ಕೈ ಕೆಂಪಾಗಿ ಬಿಸಿಯಾದರೆ, ವ್ಯಾಯಾಮ ನಿಲ್ಲಿಸಿ ವೈದ್ಯರಲ್ಲಿಗೆ ಕಳುಹಿಸಬೇಕು. ಇನ್ನು ಜ್ವರ ಬಂದ ದಿನ ಯಾರಿಗೂ ವ್ಯಾಯಾಮ ಬೇಡ.

ಹನ್ನೆರಡು ವಾರಕ್ಕೆ ಕೂಟವನ್ನು ಮುಗಿಸಿಬಿಡುವುದು ನನಗೆ ಸರಿಕಾಣದು. ದೊಡ್ಡ ಕರುಳಿನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ 889 ಜನರ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾರ್ಗದರ್ಶಕರ ಜೊತೆ 3 ವರ್ಷ ವ್ಯಾಯಾಮ ಮಾಡಿದವರ ಪೈಕಿ 5 ವರ್ಷದ ನಂತರ ರೋಗವಿಲ್ಲದೆ ಬದುಕಿದ್ದವರು ಶೇ 80. ಆರೋಗ್ಯದ ತಿಳುವಳಿಕೆಯ ಪುಸ್ತಿಕೆಗಳನ್ನಷ್ಟೇ ಪಡೆದವರಲ್ಲಿ ಶೇ 74. ಆದ್ದರಿಂದ ಬಸ್ಸಿನ ವೇಳೆಗೂ ಮನೆಗೆಲಸ ಮುಗಿಯುವ ಹೊತ್ತಿಗೂ ಹೊಂದುವಂತೆ ಸಮಯ ಇಟ್ಟುಕೊಂಡು, ಹಾಜರಿ ಪುಸ್ತಕದಲ್ಲಿ ಸತತ ಎರಡು ಗೈರು ಕಂಡವರಿಗೆ ಅದೇ ಸಂಜೆ ಫೋನ್ ಮಾಡುವ ಹೊಣೆಯನ್ನು ಒಬ್ಬರಿಗೆ ವಹಿಸಬೇಕು.