90 ದಾಟಿದರೆ ಉತ್ತರ ಕೊಡದ ಪೊಸಿಷನರ್

ಪೊಸಿಷನರ್ ಅಂದರೆ ಕಂಟ್ರೋಲ್ ರೂಮಿನ ಸಂಕೇತ ಹೇಳಿದಷ್ಟು ಕಂಟ್ರೋಲ್ ವಾಲ್ವ್ ತೆರೆಸುವ ಸಾಧನ. ವಾಲ್ವ್ ಮುಕ್ಕಾಲು ತೆರೆದಿರುವವರೆಗೂ ಹ್ಯಾಂಡ್‌ಹೆಲ್ಡ್ ಕಮ್ಯುನಿಕೇಟರ್‌ಗೆ (ಸಂಕೇತದ ಅದೇ ವೈರ್ ಮೂಲಕ ಸಾಧನದ ಜೊತೆ ಮಾತಾಡುವ ಕೈ ಉಪಕರಣ) ಪೊಸಿಷನರ್ ಚೆನ್ನಾಗಿಯೇ ಉತ್ತರ ಕೊಡುತ್ತಿತ್ತು. ಶೇಕಡಾ 90 ದಾಟುತ್ತಿದ್ದ ಹಾಗೆ ತಡವರಿಸಿ, ಆಮೇಲೆ ಪೂರ್ತಿ ಸುಮ್ಮನಾಗುತ್ತಿತ್ತು. ಮೊದಲ ದಿನ ನಾನು ಪೊಸಿಷನರ್‌ನ ಬೋರ್ಡ್ ಮೇಲೇ ಅನುಮಾನಪಟ್ಟೆ. ಸ್ಟೋರಿನಿಂದ ಹೊಸ ಬೋರ್ಡ್ ತಂದು ಹಾಕಿದೆ. ಅದೂ ಹಾಗೇ ಮಾಡಿತು.

ಆಗ ಲೂಪ್ ಕಡೆ, ಅಂದರೆ ಕಂಟ್ರೋಲ್ ರೂಮಿನ ಔಟ್‌ಪುಟ್ ಕಾರ್ಡ್‌ನಿಂದ ಪೊಸಿಷನರ್‌ಗೆ ಹೋಗಿ ಬರುವ ಕರೆಂಟಿನ ದಾರಿ ಕಡೆ ನೋಡಿದೆ. ಅದರಲ್ಲಿ 4 ಮಿಲಿಆಂಪ್ ಅಂದರೆ ಶೇಕಡಾ 0, 20 ಅಂದರೆ 100. ಕಂಟ್ರೋಲ್ ರೂಮಿನಿಂದ 100 ಕೊಡಿಸಿ, ಸರಣಿಯಲ್ಲಿ ಮೀಟರ್ ಹಾಕಿದರೆ 20 ಮಿಲಿಆಂಪ್ ಬರಬೇಕಲ್ವಾ? 18.9ಕ್ಕೆ ನಿಂತುಬಿಟ್ಟಿತ್ತು. ವಾಲ್ವ್ ಕೂಡ 93ರ ಹತ್ತಿರವೇ ನಿಂತಿತ್ತು. ಅಂದರೆ ಕಾರ್ಡ್‌ಗೆ ಕರೆಂಟ್ ತಳ್ಳುವ ಶಕ್ತಿ ಸಾಲುತ್ತಿಲ್ಲ.

ಪೊಸಿಷನರ್‌ನ ಟರ್ಮಿನಲ್‌ನಲ್ಲಿ ವೋಲ್ಟೇಜ್ ನೋಡಿದರೆ ಇದು ಗೊತ್ತಾಗುವುದಿಲ್ಲ. ಎಷ್ಟು ಕರೆಂಟ್ ಹರಿದರೂ ಅದು ತನಗೆ ಬೇಕಾದ 10 ವೋಲ್ಟ್ ಸುತ್ತಮುತ್ತಲೇ ತೋರಿಸುತ್ತದೆ. ಅದಕ್ಕೆ ಬೇರೆ ದಾರಿ ಹಿಡಿದೆ. ವಾಲ್ವ್ ಪಕ್ಕದ ಬೈಪಾಸ್ ದಾರಿ ತೆರೆಸಿ, ಆಪರೇಟರ್‌ಗೆ ತಿಳಿಸಿ, ವೈರ್ ಬಿಚ್ಚಿದೆ. ಈ ಹೆಜ್ಜೆಯನ್ನು ಯಾರೂ ಬಿಡಬಾರದು. ವೈರ್ ಕೈಬಿಟ್ಟ ಕ್ಷಣ ವಾಲ್ವ್ ತನ್ನ ಫೇಲ್ ಸ್ಥಿತಿಗೆ, ಸಾಮಾನ್ಯವಾಗಿ ಪೂರ್ತಿ ಮುಚ್ಚಿದ ಇಲ್ಲವೇ ಪೂರ್ತಿ ತೆರೆದ ಸ್ಥಿತಿಗೆ, ಹೋಗುತ್ತದೆ. ಪೊಸಿಷನರ್ ಇದ್ದ ಜಾಗದಲ್ಲಿ 1 ಕಿಲೋ ಓಮ್‌ನ ಪಾಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್), ಜೊತೆಗೆ ಮಿಲಿಆಂಪ್ ಮೀಟರ್ ಹಾಕಿ, 20 ಮಿಲಿಆಂಪ್ ಕೊಡಿಸಿದೆ. ಪಾಟ್ ಸೊನ್ನೆಯಿಂದ ನಿಧಾನವಾಗಿ ತಿರುಗಿಸುತ್ತ ಹೋದೆ. 20.00, 20.00, 20.00. ಒಂದು ಜಾಗ ದಾಟಿದ ಕೂಡಲೇ 19.9, 19.7 ಅಂತ ಜಾರಲು ಶುರುವಾಯಿತು. ಅಲ್ಲಿ ನಿಲ್ಲಿಸಿ ಪಾಟ್‌ಗೆ ಅಡ್ಡ ವೋಲ್ಟ್ ನೋಡಿದೆ: 9.7. 20 ಮಿಲಿಆಂಪ್‌ನಲ್ಲಿ ಕಾರ್ಡ್ ಕೊಡಬಲ್ಲದು ಅಂತ ಕೈಪಿಡಿ ಹೇಳುವುದು 15. ಉಳಿದ 5 ವೋಲ್ಟ್ ಎಲ್ಲಿ ಹೋಯಿತು?

ಹೊರಗಿನ ವೈರ್‌ಗಳು ಕಾರ್ಡ್‌ಗಳ ವೈರ್‌ಗಳಿಗೆ ಸೇರುವ ಮಾರ್ಷಲಿಂಗ್ ಪ್ಯಾನೆಲ್‌ನಲ್ಲಿ ಟರ್ಮಿನಲ್ ಹಿಂದೆ ಸ್ಲೀವ್ ಹಾಕಿ ಮುಚ್ಚಿದ್ದ ಒಂದು 250 ಓಮ್ ರೆಸಿಸ್ಟರ್ ಸಿಕ್ಕಿತು. 20 ಮಿಲಿಆಂಪ್‌ನಲ್ಲಿ ಅದೊಂದೇ ಸರಿಯಾಗಿ 5 ವೋಲ್ಟ್ ತಿನ್ನುತ್ತದೆ. 4 ಮಿಲಿಆಂಪ್‌ನಲ್ಲಿ 1 ವೋಲ್ಟ್ ಅಷ್ಟೇ. ಅದಕ್ಕೇ ತೊಂದರೆ ಮೇಲ್ಗಡೆ ಮಾತ್ರ ಕಾಣಿಸುತ್ತಿತ್ತು.

ರೆಸಿಸ್ಟರ್ ತೆಗೆದೆ. ಪಾಟ್‌ನಲ್ಲಿ 14.7 ವೋಲ್ಟ್ ಬಂತು. ಪೊಸಿಷನರ್ ವಾಪಸ್ ಹಾಕಿದರೆ ವಾಲ್ವ್ ಪೂರ್ತಿ ತೆರೆಯಿತು. ಆದರೆ ಕಮ್ಯುನಿಕೇಟರ್‌ಗೆ ಈಗ ಯಾವ ತೆರೆವಿನಲ್ಲೂ ಉತ್ತರವೇ ಇಲ್ಲ! ಹಿಂದೆ ಯಾರೋ ಆ ರೆಸಿಸ್ಟರ್ ಯಾಕೆ ಹಾಕಿದ್ದರು ಅಂತ ಆಗ ಅರ್ಥವಾಯಿತು.

ಕಮ್ಯುನಿಕೇಟರ್ ಮತ್ತು ಪೊಸಿಷನರ್ ಮಾತಾಡುವುದು ಹಾರ್ಟ್ (HART) ಸಂಕೇತದಲ್ಲಿ. ಅದು ಎಂದರೆ ಕರೆಂಟ್ ಮೇಲೆ ಸವಾರಿ ಮಾಡುವ ಪುಟ್ಟ ಅಲೆ. 1200 ಹರ್ಟ್ಜ್ ಅಂದರೆ 1, 2200 ಹರ್ಟ್ಜ್ ಅಂದರೆ 0. ಟ್ರಾನ್ಸ್‌ಮಿಟರ್ (ಅಳತೆ ಕಳಿಸುವ ಸಾಧನ) ಲೂಪ್‌ನಲ್ಲಿ ಆ ಅಲೆ ವೋಲ್ಟೇಜ್ ಆಗಿ ಕಾಣಲು ಸುಮಾರು 250 ಓಮ್ ಬೇಕೇ ಬೇಕು. ನಮಗೆಲ್ಲ ಅದೇ ಅಭ್ಯಾಸ. ಪೊಸಿಷನರ್ ಲೂಪ್‌ನಲ್ಲಿ ಕರೆಂಟ್ ಕೊಡುವುದು ಔಟ್‌ಪುಟ್ ಕಾರ್ಡ್. ಹಾರ್ಟ್‌ಗೆಂದು ಮಾಡದ ಹಳೆಯ ಕಾರ್ಡ್‌ಗಳಲ್ಲಿ ಗದ್ದಲ ತಡೆಯಲು ಔಟ್‌ಪುಟ್‌ಗೆ ಅಡ್ಡ ಕೆಪಾಸಿಟರ್ ಇರುತ್ತದೆ. ಅಲೆಗೆ ಅದು ಹೆಚ್ಚುಕಡಿಮೆ ಶಾರ್ಟ್ ಇದ್ದ ಹಾಗೆ, ನುಂಗಿಬಿಡುತ್ತದೆ. ರೆಸಿಸ್ಟರ್ ಮಧ್ಯೆ ನಿಂತು ಅಲೆಯನ್ನು ಉಳಿಸುತ್ತಿತ್ತು, ಆದರೆ ವಾಲ್ವ್‌ಗೆ ಬೇಕಾದ ವೋಲ್ಟೇಜ್ ಕಿತ್ತುಕೊಂಡು.

ಇದಕ್ಕೆ ಸರಿಯಾದ ಪರಿಹಾರ ಹಾರ್ಟ್ ಫಿಲ್ಟರ್. ಅದು ಅಲೆಯನ್ನು ಕಾರ್ಡ್ ಕಡೆಗೆ ಬಿಡುವುದಿಲ್ಲ, ಕರೆಂಟನ್ನು ಬಿಡುತ್ತದೆ. ಅದಕ್ಕೂ ಒಂದಿಷ್ಟು ವೋಲ್ಟ್ ಬೇಕು, ಆದರೆ ರೆಸಿಸ್ಟರ್‌ಗಿಂತ ಕಡಿಮೆ. ಹಾಕಿದ ಮೇಲೆ ಪಾಟ್ ಪರೀಕ್ಷೆ ಮತ್ತೆ ಮಾಡಿದೆ: 12.4 ವೋಲ್ಟ್. ಪೊಸಿಷನರ್ ಜೋಡಿಸಿ 100 ಕೊಡಿಸಿದೆ. 20 ಮಿಲಿಆಂಪ್ ಬಂತು, ವಾಲ್ವ್ ಪೂರ್ತಿ ತೆರೆಯಿತು, ಕಮ್ಯುನಿಕೇಟರ್ ಮೊದಲ ಪ್ರಯತ್ನದಲ್ಲೇ ಟ್ಯಾಗ್ ಹೆಸರು ತೋರಿಸಿತು.

ಸಾಧನದ ಹಾರ್ಟ್ ಸಂಖ್ಯೆಯಾದ ಪೋಲಿಂಗ್ ವಿಳಾಸ 0 ಆಗಿಲ್ಲದಿರುವುದು, ಕಮ್ಯುನಿಕೇಟರ್‌ನಲ್ಲಿ ಆ ಮಾದರಿಯ ಫೈಲ್ ಹಳೆಯದಾಗಿರುವುದು, ಇವೂ ಕಾಡುತ್ತವೆ. ಆದರೆ ಆ ತೊಂದರೆಗಳು ವಾಲ್ವ್ ಎಷ್ಟು ತೆರೆದಿದೆ ಅಂತ ನೋಡಿ ಬರುವುದಿಲ್ಲ.

ಆ ರೆಸಿಸ್ಟರ್ ಲೂಪ್ ಡ್ರಾಯಿಂಗ್‌ನಲ್ಲಿ ಎಲ್ಲೂ ಇರಲಿಲ್ಲ. ಫಿಲ್ಟರನ್ನು ಅದೇ ದಿನ ಡ್ರಾಯಿಂಗ್‌ನಲ್ಲಿ ಕೆಂಪು ಪೆನ್ನಿನಲ್ಲಿ ಬರೆದೆ. ಆಮೇಲೆ ಪ್ಯಾನೆಲ್ ಪೂರ್ತಿ ಹುಡುಕಿದೆ. ಇನ್ನೂ ಮೂರು ಔಟ್‌ಪುಟ್ ಲೂಪ್‌ಗಳಲ್ಲಿ ಅಂಥದೇ ಸ್ಲೀವ್ ಹಾಕಿದ ರೆಸಿಸ್ಟರ್‌ಗಳಿದ್ದವು.