ಫ್ರಿಜ್ಜಿನಲ್ಲಿ ಸಿಕ್ಕ ಬೀಗದ ಕೈ: ಮಗನಿಗೂ ನನಗೂ ಎಡಿಎಚ್‌ಡಿ

ನಮ್ಮ ಅಂಗಡಿಯ ಬೀಗದ ಕೈ ಒಂದು ದಿನ ಫ್ರಿಜ್ಜಿನಲ್ಲಿ, ಮೊಸರಿನ ಪಾತ್ರೆ ಪಕ್ಕದಲ್ಲಿ ಸಿಕ್ಕಿತು. ಇಟ್ಟವನು ನಾನೇ. ಅದು ಸಿಗುವಷ್ಟರಲ್ಲಿ ಬೆಳಿಗ್ಗೆ ಹನ್ನೊಂದಾಗಿತ್ತು. ಅಂಗಡಿ ಮುಂದೆ ಇಬ್ಬರು ಗಿರಾಕಿಗಳು ಕಾದು ಕಾದು ಹೊರಟುಹೋಗಿದ್ದರು. ಮನೆಯಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ. ಚಿಕ್ಕಂದಿನಿಂದ ಇಂಥದ್ದನ್ನೆಲ್ಲ ಹೀಗೆ ನಕ್ಕೇ ಮುಚ್ಚಿಹಾಕುತ್ತಿದ್ದೆ.

ತುಮಕೂರಿನಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಲಗ್ನಪತ್ರಿಕೆ, ಬಿಲ್ ಬುಕ್ಕು, ಗೃಹಪ್ರವೇಶದ ಕಾರ್ಡು, ಇಂಥವು. ಮಗನಿಗೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಕೆ-ಆತುರದ ತೊಂದರೆ, ಇದೆ ಎಂದು ಗೊತ್ತಾದಾಗ ಅವನಿಗೆ 8 ವರ್ಷ. ನನಗೂ ಇದೆ ಎಂದು ಗೊತ್ತಾದಾಗ ನನಗೆ 41. ಎರಡರ ನಡುವೆ ಏಳು ತಿಂಗಳು. ನಾನು ಡಾಕ್ಟರಲ್ಲ. ನಮ್ಮ ಮನೆಯಲ್ಲಿ ಏನು ನಡೆಯಿತು, ಏನು ನಡೆಯಲಿಲ್ಲ ಅನ್ನೋದಷ್ಟೇ ಇಲ್ಲಿರುವುದು.

ಮಗನ ಶಾಲೆಯ ಡೈರಿ ತುಂಬ ಕೆಂಪು ಶಾಯಿ. ಕೂತಲ್ಲಿ ಕೂರುವುದಿಲ್ಲ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುತ್ತಾನೆ. ಪೆನ್ಸಿಲ್ ದಿನಕ್ಕೊಂದು ಕಳೆಯುತ್ತಾನೆ. ಆಗಿನ ಶಾಲೆಯಲ್ಲಿ ಅವನನ್ನು ತರಗತಿಯ ಹೊರಗೆ ನಿಲ್ಲಿಸುತ್ತಿದ್ದರು. ಅದು ಅವನಿಗೆ ಶಿಕ್ಷೆಯೇ ಅಲ್ಲ, ಹೊರಗೆ ಮರದಲ್ಲಿ ಅಳಿಲುಗಳಿದ್ದವು. ಆದರೆ ವರ್ಷದ ಕೊನೆಗೆ ಅವನ ಬಾಯಲ್ಲಿ ಒಂದು ಮಾತು ಬಂತು: "ನಾನು ಕೆಟ್ಟ ಹುಡುಗ ಅಲ್ವಾ ಅಮ್ಮ?" ಅವತ್ತೇ ನನ್ನ ಹೆಂಡತಿ ಡಾಕ್ಟರ ಹತ್ತಿರ ಹೋಗಲೇಬೇಕೆಂದು ಹಟ ಹಿಡಿದಳು.

ರಕ್ತ ಪರೀಕ್ಷೆ, ಸ್ಕ್ಯಾನ್ ಬರೆದುಕೊಡುತ್ತಾರೆ ಅಂದುಕೊಂಡು ಹೋಗಿದ್ದೆ. ಇದನ್ನು ತೋರಿಸುವ ರಕ್ತ ಪರೀಕ್ಷೆಯೂ ಇಲ್ಲ, ಸ್ಕ್ಯಾನೂ ಇಲ್ಲ. ಮೊದಲು ಕಿವಿ, ಕಣ್ಣು ಸರಿ ಇದೆಯಾ ನೋಡಿದರು, ನಿದ್ದೆ ಹೇಗೆ ಎಂದು ಕೇಳಿದರು. ಮನೆಯವರು ತುಂಬಲು ಒಂದು ಫಾರಂ, ಟೀಚರ್ ತುಂಬಲು ಇನ್ನೊಂದು. ಎರಡು ಯಾಕೆ ಅಂದರೆ, ಮನೆಯಲ್ಲಿ ಮಾತ್ರ ಅಥವಾ ಶಾಲೆಯಲ್ಲಿ ಮಾತ್ರ ಹೀಗಿದ್ದರೆ ಸಾಲದು, ಕನಿಷ್ಠ ಎರಡು ಕಡೆ ಕಾಣಬೇಕು. ಆರು ತಿಂಗಳಿನಿಂದಾದರೂ ಇರಬೇಕು. 12 ವರ್ಷಕ್ಕೆ ಮೊದಲೇ ಶುರುವಾಗಿರಬೇಕು. ಗಮನ ನಿಲ್ಲದಿರುವುದರ 9 ಲಕ್ಷಣ, ಚಡಪಡಿಕೆ-ಆತುರದ 9 ಲಕ್ಷಣ, ಹೀಗೆ ಎರಡು ಪಟ್ಟಿ. ಒಂದು ಪಟ್ಟಿಯಲ್ಲಾದರೂ ಮಕ್ಕಳಿಗೆ 6, ದೊಡ್ಡವರಿಗೆ 5 ಇರಬೇಕು. ನನ್ನ ಮಗನಿಗೆ ಎರಡೂ ಪಟ್ಟಿಯಲ್ಲಿ ದಂಡಿಯಾಗಿತ್ತು. ಮೊದಲ ಪಟ್ಟಿ ಮಾತ್ರ ಇರುವ ಮಕ್ಕಳೂ ಇದ್ದಾರೆ, ಅದರಲ್ಲೂ ಹೆಣ್ಣುಮಕ್ಕಳು. ಗಲಾಟೆ ಮಾಡದೆ ಕಿಟಕಿ ನೋಡುತ್ತಾ ಕೂತಿರುತ್ತಾರೆ. ಅವರ ಬಗ್ಗೆ ಯಾರೂ ದೂರುವುದಿಲ್ಲ, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ.

"ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯಾ?" ಎಂದು ಡಾಕ್ಟರು ಕೇಳಿದರು. ಜೊತೆಗೆ ಬಂದಿದ್ದ ನನ್ನ ತಾಯಿ ತಕ್ಷಣ ನನ್ನ ಕಡೆ ಬೆರಳು ಮಾಡಿದರು. "ಇವನನ್ನ ಕಂಬಕ್ಕೆ ಕಟ್ಟಿ ಅನ್ನ ತಿನ್ನಿಸಿದ್ದೀನಿ ಡಾಕ್ಟ್ರೇ."

ನೂಲಿನಂತೆ ಸೀರೆ ಅನ್ನುತ್ತಾರಲ್ಲ, ಹಾಗೆ. ಅವಳಿ ಮಕ್ಕಳನ್ನು ಹೋಲಿಸಿದ ಅಧ್ಯಯನಗಳ ಪ್ರಕಾರ ಇದರಲ್ಲಿ ವಂಶದ ಪಾಲು ಶೇ. 70ಕ್ಕೂ ಮೇಲೆ. ಆದರೂ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಂಗಡಿ ನಡೆಸುತ್ತಿದ್ದೇನೆ, ಇಬ್ಬರಿಗೆ ಸಂಬಳ ಕೊಡುತ್ತಿದ್ದೇನೆ, ನನಗೇನಾಗಿದೆ ಎಂಬ ಜಂಬ.

ಆ ಜಂಬ ಇಳಿಸಿದ್ದು ಒಂದು ಲಗ್ನಪತ್ರಿಕೆ. ಮದುವೆ ಸೀಸನ್ನಿನಲ್ಲಿ ಒಂದು ಆರ್ಡರಿನ ಫೈಲ್ ತೆಗೆದು ಅದರ ಮೇಲೆಯೇ ಇನ್ನೊಂದರ ಹೆಸರು ಕೂರಿಸುವುದು ನಮ್ಮಲ್ಲಿ ಮಾಮೂಲು. ಹುಡುಗ-ಹುಡುಗಿ ಹೆಸರು ಬದಲಾಯಿಸಿದೆ, ಮುಹೂರ್ತ ಬದಲಾಯಿಸಿದೆ. ಅಷ್ಟರಲ್ಲಿ ಫೋನ್ ಬಂತು. ಮಾತಾಡಿ ಬಂದು ಪ್ರಿಂಟಿಗೆ ಕೊಟ್ಟೆ. ಕಲ್ಯಾಣ ಮಂಟಪ ಮಾತ್ರ ಹಳೇದೇ ಉಳಿಯಿತು. ಗಿರಾಕಿಗೆ ಪ್ರೂಫ್ (ಅಚ್ಚಿಗೆ ಮೊದಲು ಒಪ್ಪಿಗೆಗೆ ತೋರಿಸುವ ಪ್ರತಿ) ತೋರಿಸಿದ್ದೇನೆ ಎಂದು ನನ್ನ ತಲೆಯಲ್ಲಿತ್ತು, ತೋರಿಸಿರಲಿಲ್ಲ. 500 ಕಾರ್ಡು. ಹುಡುಗಿಯ ತಂದೆ ಬೈಯಲಿಲ್ಲ. ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿ, "ಏನ್ ಸ್ವಾಮಿ ಇದು" ಅಂದರು, ಅಷ್ಟೇ. ರಾತ್ರಿಯೆಲ್ಲ ಕೂತು ನನ್ನ ಖರ್ಚಿನಲ್ಲೇ ಮತ್ತೆ ಹೊಡೆದುಕೊಟ್ಟೆ. ಮಾರನೇ ವಾರ ಡಾಕ್ಟರ ಬಳಿ ಹೋದೆ, ಈ ಸಲ ಒಬ್ಬನೇ.

ಆ ಹೊತ್ತಿಗೆ ಮಗನಿಗಾಗಿ ನಾವು ಒಂದಷ್ಟು ಪ್ರಯತ್ನ ಮಾಡಿ ಸೋತಿದ್ದೆವು. ಗೋಡೆಗೆ ಬಣ್ಣಬಣ್ಣದ ಟೈಮ್ ಟೇಬಲ್ ಹಾಕಿದೆ. ಪ್ರಿಂಟಿಂಗ್ ನಮ್ಮದೇ ತಾನೆ, ದೊಡ್ಡದಾಗಿ ಲ್ಯಾಮಿನೇಷನ್ ಮಾಡಿಸಿ ಅಂಟಿಸಿದೆ. ನಾಲ್ಕು ದಿನ ನಡೆಯಿತು. ವಾರ್ಷಿಕ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದರೆ ಸೈಕಲ್ ಕೊಡಿಸುತ್ತೇನೆ ಅಂದೆ. ಜೂನ್ ತಿಂಗಳಲ್ಲಿ ನಿಂತ ಮಗುವಿಗೆ ಮುಂದಿನ ಮಾರ್ಚ್ ಎಂದರೆ ಅದು ಇನ್ನೊಂದು ಜನ್ಮ. ದಿನಾ ಬುದ್ಧಿ ಹೇಳಿದೆ. ಅವನು ಆ ಬುದ್ಧಿಮಾತನ್ನು ಅಕ್ಷರ ಬಿಡದೆ ನನಗೇ ಒಪ್ಪಿಸುತ್ತಿದ್ದ, ಆಮೇಲೆ ಬ್ಯಾಗ್ ಬಿಟ್ಟು ಹೋಗುತ್ತಿದ್ದ.

ಎಡಿಎಚ್‌ಡಿ ಬಗ್ಗೆ ಬಹಳ ಕೆಲಸ ಮಾಡಿರುವ ಅಮೆರಿಕದ ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿ ಹೇಳುವುದೂ ಇದನ್ನೇ. ಇವರಿಗೆ ಏನು ಮಾಡಬೇಕೆಂದು ಗೊತ್ತಿದೆ, ಗೊತ್ತಿರುವುದನ್ನು ಆ ಹೊತ್ತಿಗೆ ಮಾಡಲಾಗುವುದಿಲ್ಲ. ಹಾಗಾಗಿ ಸಹಾಯವೂ ಕೆಲಸ ನಡೆಯುವ ಆ ಜಾಗದಲ್ಲಿ, ಆ ಹೊತ್ತಿನಲ್ಲೇ ಇರಬೇಕು. ಇದು ತಲೆಗೆ ಹೋದ ಮೇಲೆ ಬುದ್ಧಿ ಹೇಳುವುದನ್ನು ಬಿಟ್ಟು ಸಾಮಾನು ಜೋಡಿಸಲು ಶುರುಮಾಡಿದೆ.

ಹೋಂವರ್ಕ್ ಮನೆಯಿಂದ ಅಂಗಡಿಗೆ ಬಂತು. ನಮ್ಮ ಕಟಿಂಗ್ ಮಷಿನ್‌ನಲ್ಲಿ ದಿನಾ ರಾಶಿ ರಾಶಿ ಕಾಗದದ ಪಟ್ಟಿ ಉಳಿಯುತ್ತದೆ. ಒಂದು ಪಟ್ಟಿಗೆ ಒಂದೇ ಲೆಕ್ಕ ಬರೆದು ಮುಂದಿಟ್ಟೆ. ಪುಸ್ತಕದ ಪುಟದಲ್ಲಿ 15 ಲೆಕ್ಕ ನೋಡಿದರೆ ಅವನು ಮೇಜಿನ ಕೆಳಗೆ ಹೋಗಿಬಿಡುತ್ತಿದ್ದ. ಒಂದು ಲೆಕ್ಕಕ್ಕೆ ಹೆದರಲಿಲ್ಲ. ಮುಗಿದ ಪಟ್ಟಿಯನ್ನು ಬಿಲ್ ಚುಚ್ಚಿಡುವ ಕಂಬಿಗೆ ತಾನೇ ಚುಚ್ಚಬೇಕು. (ಕಂಬಿಯ ತುದಿ ಉಜ್ಜಿ ಮೊಂಡು ಮಾಡಿದ್ದೇನೆ. ಇವನ ಕೈಗೆ ಚೂಪಾದದ್ದು ಕೊಡುವಷ್ಟು ಧೈರ್ಯ ನನಗಿಲ್ಲ.) ಆ ಚುಚ್ಚುವ ಖುಷಿಗೇ ಅರ್ಧ ಲೆಕ್ಕ ಮುಗಿಯುತ್ತಿತ್ತು. ಅಡುಗೆಮನೆಯ ಟೈಮರ್ 12 ನಿಮಿಷಕ್ಕೆ ತಿರುಗಿಸುವುದು, ಗಂಟೆ ಹೊಡೆದರೆ ಎದ್ದು ಅಂಗಡಿ ಸುತ್ತ ಎರಡು ಸುತ್ತು ಓಡುವುದು, ಮತ್ತೆ 12 ನಿಮಿಷ. ಆ ಹೊತ್ತಿನಲ್ಲಿ ನಾನು ಎದುರಿಗೆ ಕೂತು ಕಾರ್ಡು ಎಣಿಸುತ್ತೇನೆ. ಅವನಿಗೆ ಪಾಠ ಹೇಳಿಕೊಡುವುದಿಲ್ಲ, ಸುಮ್ನೆ ಕೂತಿರುತ್ತೇನೆ. ಪಕ್ಕದಲ್ಲೊಬ್ಬರು ಕೆಲಸ ಮಾಡುತ್ತಿದ್ದರೆ ಅವನೂ ಮಾಡುತ್ತಾನೆ. ತಮಾಷೆ ಎಂದರೆ, ನನ್ನ ಎಣಿಕೆಯೂ ಅವನಿದ್ದಾಗಲೇ ತಪ್ಪುವುದಿಲ್ಲ.

ಸೈಕಲ್ ಜಾಗಕ್ಕೆ ಹುಣಸೆ ಬೀಜ ಬಂತು. ಗಾಜಿನ ಡಬ್ಬಿ, ಹೇಳಿದ ಕೆಲಸ ಮಾಡಿದ ಮರುಕ್ಷಣ ಒಂದು ಬೀಜ. ಸಂಜೆಗೆ ಹತ್ತಾದರೆ ಅಜ್ಜಿ ಜೊತೆ ಚೌಕಾಬಾರ ಇಲ್ಲವೇ 20 ನಿಮಿಷ ಮೊಬೈಲ್. ಕೊಟ್ಟ ಬೀಜ ವಾಪಸ್ ತೆಗೆದುಕೊಳ್ಳುವಂತಿಲ್ಲ ಎಂದು ಡಾಕ್ಟರು ಒತ್ತಿ ಹೇಳಿದ್ದರು. ಒಂದು ದಿನ ಸಿಟ್ಟಿನಲ್ಲಿ ಮೂರು ಬೀಜ ತೆಗೆದೆ. ಅವನು ಡಬ್ಬಿಯನ್ನೇ ನೆಲಕ್ಕೆ ಅಪ್ಪಳಿಸಿದ. ಗಾಜು, ಬೀಜ ಎಲ್ಲ ಚೆಲ್ಲಾಪಿಲ್ಲಿ. ತಪ್ಪು ನನ್ನದೇ. ಹೇಳಿಕೊಳ್ಳಲು ನಾಚಿಕೆಯಾದರೂ ಹೇಳುತ್ತೇನೆ: ಇಬ್ಬರು ಎಡಿಎಚ್‌ಡಿ ಇರುವ ಮನೆಯಲ್ಲಿ ತಾಳ್ಮೆ ಮೊದಲು ಕಳೆದುಕೊಳ್ಳುವುದು ಹೆಚ್ಚಾಗಿ ಅಪ್ಪನೇ. ಈಗ ಡಬ್ಬಿ ಪ್ಲಾಸ್ಟಿಕ್ಕಿನದು.

ಹೊಸ ಶಾಲೆಯ ಟೀಚರ್ ಜಾಸ್ತಿ ಏನೂ ಮಾಡಲಿಲ್ಲ, ಮೂರೇ ಕೆಲಸ ಮಾಡಿದರು. ಕಿಟಕಿಯಿಂದ ದೂರ ಮೊದಲ ಬೆಂಚಿಗೆ ಕೂರಿಸಿದರು. ಅರ್ಧ ಗಂಟೆಗೊಮ್ಮೆ ಹಾಜರಿ ಪುಸ್ತಕ, ಚಾಕ್‌ಪೀಸು ಎಂದು ಏನಾದರೂ ನೆವ ಮಾಡಿ ಓಡಾಡಿಸಿದರು. ನಾನು ಪ್ರಿಂಟ್ ಮಾಡಿಕೊಟ್ಟ ಅಂಗೈಯಗಲದ ಚೀಟಿಯಲ್ಲಿ ದಿನಾ ಮೂರು ಸಾಲಿಗೆ ಟಿಕ್ ಹಾಕಿ ಕಳಿಸಿದರು. ಆ ಟಿಕ್ಕಿಗೂ ಮನೆಯಲ್ಲಿ ಬೀಜ ಸಿಗುತ್ತದೆ.

ಮಾತ್ರೆಯ ವಿಷಯಕ್ಕೆ ಮನೆಯಲ್ಲಿ ಜಗಳವೇ ಆಯಿತು. "ಮಗೂಗೆ ಮಂಪರು ಮಾತ್ರೆ ಕೊಡ್ತೀಯೇನೋ?" ಎಂದು ತಾಯಿ ಅತ್ತರು. ಮಗನಿಗೆ ಬರೆದುಕೊಟ್ಟದ್ದು ಮಿಥೈಲ್‌ಫೆನಿಡೇಟ್. ಅದು ಮಂಪರಿನ ಮಾತ್ರೆಯಲ್ಲ, ಮಿದುಳನ್ನು ಚುರುಕುಗೊಳಿಸುವ ಔಷಧಿ. 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ಲಿಯಾಂಡ್ರೊ ಪನಿಜೋನ್ ಎಂಬ ರಸಾಯನ ವಿಜ್ಞಾನಿ ತಯಾರಿಸಿದ್ದು. ಅದರ ಹಳೆಯ ಬ್ರ್ಯಾಂಡ್ ಹೆಸರು ರಿಟಾಲಿನ್, ಅವರ ಹೆಂಡತಿ ರೀಟಾ ಹೆಸರಿನಿಂದ ಬಂದದ್ದು. ಈ ಕತೆ ಹೇಳಿದ ಮೇಲೆ ತಾಯಿ ಅದನ್ನು "ರೀಟಾ ಮಾತ್ರೆ" ಎಂದೇ ಕರೆಯುತ್ತಾರೆ.

ನಮ್ಮ ಹುಡುಗನಿಗೆ ಅದರಿಂದ ಗುಣ ಕಂಡಿತು. ಅವನೇನೂ ಬೇರೆ ಹುಡುಗನಾಗಲಿಲ್ಲ, ಒಂದು ವಾಕ್ಯ ಪೂರ್ತಿ ಕೇಳುವಷ್ಟು ನಿಂತ, ಅಷ್ಟೇ. ಆದರೆ ಊಟ ಬಿಟ್ಟ. ಟಿಫನ್ ಡಬ್ಬಿ ಹೋದ ಹಾಗೇ ವಾಪಸ್ ಬರುತ್ತಿತ್ತು. ಈಗ ಮಾತ್ರೆಗೆ ಮೊದಲೇ ಹೊಟ್ಟೆ ತುಂಬ ತಿಂಡಿ, ಸಂಜೆ ಪ್ರಭಾವ ಇಳಿದ ಮೇಲೆ ಮುದ್ದೆ, ಸಾರು, ಮಲಗುವ ಮುಂಚೆ ಇನ್ನೊಮ್ಮೆ ಹಾಲು, ಬಾಳೆಹಣ್ಣು. ಮೂರು ತಿಂಗಳಿಗೊಮ್ಮೆ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಎತ್ತರ ಗುರುತು ಹಾಕುತ್ತೇವೆ, ತೂಕ ಬರೆದಿಡುತ್ತೇವೆ. ಡಾಕ್ಟರು ಪ್ರತಿ ಸಲ ಬಿಪಿ, ನಾಡಿ ನೋಡುತ್ತಾರೆ. ಈ ಮಾತ್ರೆ ಮಾದಕ ವಸ್ತುಗಳ ಮೇಲೆ ಹಿಡಿತ ಇಡುವ ಎನ್‌ಡಿಪಿಎಸ್ ಕಾಯ್ದೆಯ ಕೆಳಗೆ ಬರುತ್ತದೆ. ಡಾಕ್ಟರ ಚೀಟಿ ಇಲ್ಲದೆ ಕೊಡುವುದಿಲ್ಲ, ಎಲ್ಲ ಮೆಡಿಕಲ್ ಸ್ಟೋರಿನಲ್ಲೂ ಇಡುವುದಿಲ್ಲ. ಮುಗಿಯುವ ದಿನ ಹುಡುಕಿಕೊಂಡು ಹೊರಟರೆ ಕೆಟ್ಟೆವು. ಅದಕ್ಕೆ ಪಟ್ಟಿಯ ಕೊನೆಯ ಏಳು ಮಾತ್ರೆಗಳ ಹಿಂದೆ ಕೆಂಪು ಸ್ಟಿಕ್ಕರ್ ಹಚ್ಚಿದ್ದೇನೆ. ಕೆಂಪು ಕಂಡರೆ ಅವತ್ತೇ ಹೊರಡುವುದು.

ನನಗೆ ಕೊಟ್ಟದ್ದು ಅಟೊಮಾಕ್ಸೆಟಿನ್. ಅದು ಪೂರ್ತಿ ಹಿಡಿಯಲು ನಾಲ್ಕಾರು ವಾರ ಬೇಕು. ಹತ್ತನೇ ದಿನಕ್ಕೇ ಬಿಡಬೇಕೆಂದಿದ್ದೆ. ಖಾಲಿ ಹೊಟ್ಟೆಯಲ್ಲಿ ನುಂಗಿ ಒಮ್ಮೆ ಅಂಗಡಿಯಲ್ಲೇ ವಾಂತಿ ಬಂದ ಹಾಗಾಯಿತು. ಬಾಯಿ ಒಣಗುವುದು ಈಗಲೂ ಇದೆ.

ನೆಂಟರ ಸಲಹೆಗಳಂತೂ ಮುಗಿಯುವುದಿಲ್ಲ. ಸಿಹಿ ಬಿಡಿಸಿ ಎಂಬುದು ಎಲ್ಲರ ಬಾಯಲ್ಲೂ ಇದೆ. 1990ರ ದಶಕದಲ್ಲೇ, ಯಾವುದರಲ್ಲಿ ಸಕ್ಕರೆ ಇದೆ ಎಂದು ಮಕ್ಕಳಿಗೂ ಹೆತ್ತವರಿಗೂ ಹೇಳದೆ ಪರೀಕ್ಷೆ ಮಾಡಿ ನೋಡಿದ್ದಾರೆ, ನಡವಳಿಕೆಯಲ್ಲಿ ವ್ಯತ್ಯಾಸ ಸಿಗಲಿಲ್ಲ. ನಮ್ಮ ಮನೆಯಲ್ಲಿ ಯುಗಾದಿ ಹೋಳಿಗೆ ನಿಂತಿಲ್ಲ. ಹತ್ತಿರದಲ್ಲಿ ಡಾಕ್ಟರಿಲ್ಲ, ಯಾರನ್ನು ಕೇಳೋದು ಅನ್ನುವವರಿಗೆ ನಾನು ಕೊಡುವುದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್, 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಅಂಗಡಿಯಲ್ಲಿ ಈಗ ನನ್ನ ಮೇಜಿನ ಮೇಲೆ ಒಂದು ದಾರ ಕಟ್ಟಿ ಬಟ್ಟೆಯ ಕ್ಲಿಪ್ ಹಾಕಿದ್ದೇನೆ. ಎಡಗಡೆ ಪ್ರೂಫ್ ಹೋಗದ ಆರ್ಡರ್, ನಡುವೆ ಗಿರಾಕಿ ಸಹಿಗೆ ಹೋದದ್ದು, ಬಲಗಡೆ ಸಹಿ ಆಗಿ ಬಂದದ್ದು. ಬಲಗಡೆಯಿಂದ ತೆಗೆದದ್ದು ಮಾತ್ರ ಮಷಿನ್‌ಗೆ. ನಾನೇ ಬಂದು ಕೊಟ್ಟರೂ ಸಹಿ ಇಲ್ಲದ ಆರ್ಡರ್ ಪ್ರಿಂಟ್ ಮಾಡಬೇಡ ಎಂದು ಮಷಿನ್ ಹುಡುಗನಿಗೆ ಹೇಳಿದ್ದೇನೆ. ಅವನು ಎರಡು ಸಲ ನನಗೇ ವಾಪಸ್ ಕೊಟ್ಟಿದ್ದಾನೆ. ಬೀಗದ ಕೈ ಊಟದ ಬ್ಯಾಗಿನ ಹಿಡಿಗೆ ಕಟ್ಟಿದೆ. ಊಟ ಮರೆಯುವಷ್ಟು ಇನ್ನೂ ಕೆಟ್ಟಿಲ್ಲ. ಹತ್ತು ನಿಮಿಷದ ಕೆಲಸ ಎಂದು ನಾನು ಹೇಳುವುದಕ್ಕೆ ನಿಜವಾಗಿ ಎಷ್ಟು ಹಿಡಿಯುತ್ತದೆ ಎಂದು ಒಂದು ತಿಂಗಳು ಅದೇ ಹುಡುಗನ ಕೈಲಿ ಬರೆಸಿದೆ. ಹೆಚ್ಚುಕಡಿಮೆ ಅರ್ಧ ಗಂಟೆ ಬಂತು. ಈಗ ಗಿರಾಕಿಗೆ ಟೈಮ್ ಹೇಳುವ ಮೊದಲು ಮೂರರಿಂದ ಗುಣಿಸುತ್ತೇನೆ.

ಬೇರೆ ಎಲ್ಲಕ್ಕಿಂತ ತಡವಾಗಿ ಗೊತ್ತಾದದ್ದು ಹೆಂಡತಿಯ ಸಂಗತಿ. ಹದಿನಾಲ್ಕು ವರ್ಷ ನನ್ನ ನೆನಪಿನ ಕೆಲಸ ಅವಳೇ ಮಾಡುತ್ತಿದ್ದಳು. ಕರೆಂಟ್ ಬಿಲ್ಲು, ನನ್ನ ಅಣ್ಣನ ಮಗಳ ಹುಟ್ಟುಹಬ್ಬ, ಗ್ಯಾಸ್ ಬುಕಿಂಗ್. ಮಗನದೂ ಸೇರಿಕೊಂಡಾಗ ಒಂದು ರಾತ್ರಿ, "ರೀ, ನಾನು ಈ ಮನೆ ಅಲಾರಂ ಅಲ್ಲ" ಅಂದಳು. ಬಿಲ್ಲುಗಳನ್ನೆಲ್ಲ ಬ್ಯಾಂಕಿನಿಂದ ತಾನಾಗಿ ಹೋಗುವ ಹಾಗೆ ಮಾಡಿದೆ. ಉಳಿದವು ನನ್ನ ಫೋನಿನಲ್ಲಿ ಕೂಗುತ್ತವೆ. ನಾನು ಮರೆತರೆ ನಷ್ಟ ನನಗೇ ಆಗಲಿ, ಅವಳು ನೆನಪಿಸಬಾರದು ಎಂದು ಒಪ್ಪಂದ. ಎರಡು ಸಲ ದಂಡ ಕಟ್ಟಿದ್ದೇನೆ. ಅವಳು ನೋಡಿಯೂ ಸುಮ್ಮನಿದ್ದಳು, ಅದು ಅವಳಿಗೆ ಎಷ್ಟು ಕಷ್ಟವಾಗಿರಬೇಕೋ.

ಬೆಳಗಿನ ಹೊತ್ತು ಇವತ್ತಿಗೂ ಸರಿಹೋಗಿಲ್ಲ. ಸಾಕ್ಸ್ ಒಂದು ಇದ್ದರೆ ಇನ್ನೊಂದಿಲ್ಲ. ಮಗನಿಗೆ ಈಗ ಹನ್ನೊಂದು ತುಂಬಿದೆ, ಹುಣಸೆ ಬೀಜ ಅವಮಾನ ಅನ್ನಿಸಲು ಶುರುವಾಗಿದೆ. ಹೋದ ವಾರ ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟು, "ಅಪ್ಪ, ಇನ್ಮೇಲೆ ಒಂದು ಬೀಜಕ್ಕೆ ಎರಡು ರೂಪಾಯಿ" ಅಂದ. ನಾನು ಐವತ್ತು ಪೈಸೆ ಅಂದೆ. ಮಾತುಕತೆ ಇನ್ನೂ ನಡೆಯುತ್ತಿದೆ.